ಮಲೆನಾಡಿನ ತೊಟ್ಟಿ ಮನೆ: ಪಾಯಿಂಟ್ ಕ್ಲೌಡ್‌ನಿಂದ ಬಿಮ್ ಮಾಡೆಲ್‌ವರೆಗೆ ಒಂದು ಸಮಗ್ರ ಮಾರ್ಗದರ್ಶಿ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಹಳೆಯ ತೊಟ್ಟಿ ಮನೆಗಳ ಅಳತೆ ತೆಗೆಯಬೇಕಾದ ಸಂದರ್ಭಗಳು ಈಗ ಹೆಚ್ಚಾಗಿವೆ. ಕೆಲವರಿಗೆ ಮಾಡು (ಹೆಂಚಿನ ಚಾವಣಿ) ದುರಸ್ತಿಯಾಗಬೇಕು, ಕೆಲವರು ಮನೆಯ ಒಂದು ಭಾಗವನ್ನು ಹೋಂಸ್ಟೇ ಮಾಡಲು ಹೊರಟಿರುತ್ತಾರೆ, ಇನ್ನು ಕೆಲವೆಡೆ ಪಾಲಾದ ಮೇಲೆ ಮನೆಯನ್ನು ಬಿಚ್ಚುವ ಮೊದಲು ಅದರ ದಾಖಲೆಯಾದರೂ ಉಳಿಯಲಿ ಎಂಬ ಆಸೆ ಇರುತ್ತದೆ. ಟೇಪು ಹಿಡಿದು ಅಳೆದರೆ ನೆಲದ ನಕ್ಷೆ ಹೇಗೋ ಸಿಗುತ್ತದೆ. ಆದರೆ ವಾಲಿದ ಕಂಬ, ಜಗ್ಗಿದ ತೊಲೆ, ಬುಡದಲ್ಲಿ ದಪ್ಪವಿದ್ದು ಮೇಲೆ ತೆಳುವಾಗುವ ಮಣ್ಣಿನ ಗೋಡೆ, ಇವು ಟೇಪಿಗೆ ಸಿಗುವುದಿಲ್ಲ. ಲೇಸರ್ ಸ್ಕ್ಯಾನರ್‌ನ ನಿಜವಾದ ಉಪಯೋಗ ಇರುವುದು ಇಲ್ಲಿ.

ಸ್ಕ್ಯಾನರ್ ಸುತ್ತಲೂ ಬೆಳಕಿನ ಕಿರಣ ಹರಿಸಿ, ಅದು ಬಡಿದು ಮರಳಿದ ಪ್ರತಿ ಜಾಗದ ಮೂರು ಆಯಾಮದ ಸ್ಥಾನವನ್ನು ಒಂದು ಬಿಂದುವಾಗಿ ದಾಖಲಿಸುತ್ತದೆ. ಇಂಥ ಕೋಟ್ಯಂತರ ಬಿಂದುಗಳ ರಾಶಿಯೇ ಪಾಯಿಂಟ್ ಕ್ಲೌಡ್. ಅದರಲ್ಲಿ ಗೋಡೆ, ಕಂಬ, ಬಾಗಿಲು ಎಂಬ ಭೇದ ಇರುವುದಿಲ್ಲ. ಅವನ್ನು ಬಿಡಿಬಿಡಿ ಅಂಗಗಳಾಗಿ, ಅಳತೆ ಮತ್ತು ಗುಣಗಳ ಸಮೇತ ಕಟ್ಟಿದ ಕಂಪ್ಯೂಟರ್ ಮಾದರಿಯೇ ಬಿಮ್ ಮಾಡೆಲ್. ಆ ಭೇದವನ್ನು ಮಾಡುವವರು ಮಾಡೆಲ್ ಕಟ್ಟುವವರು, ಮತ್ತು ಈ ಕೆಲಸದ ಕಷ್ಟವೆಲ್ಲ ಒಂದೇ ಪ್ರಶ್ನೆಯಲ್ಲಿ ಅಡಗಿದೆ: ಸೊಟ್ಟಗಿರುವುದನ್ನು ಎಲ್ಲಿಯವರೆಗೆ ಸೊಟ್ಟಗೇ ಕಟ್ಟಬೇಕು, ಎಲ್ಲಿಂದ ಮುಂದೆ ನೇರ ಮಾಡಬಹುದು? ಈ ಪ್ರಶ್ನೆಗೆ ಸ್ಕ್ಯಾನರ್ ಹೊರಡಿಸುವ ಮೊದಲೇ ಉತ್ತರ ಬರೆದಿಟ್ಟುಕೊಳ್ಳಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಮುಂದಿನ ಹಂತಗಳೆಲ್ಲವೂ ಆ ಉತ್ತರವನ್ನೇ ಅವಲಂಬಿಸಿವೆ.

ಹಂತ 1: ನಿಖರತೆಯನ್ನು ಮೊದಲು ಗೊತ್ತು ಮಾಡಿಕೊಳ್ಳಿ

ಅಮೆರಿಕದ ಕಟ್ಟಡ ದಾಖಲಾತಿ ಸಂಸ್ಥೆಯಾದ ಯುಎಸ್ಐಬಿಡಿ ರೂಪಿಸಿದ ಎಲ್ಒಎ ಎಂಬ ನಿಖರತೆಯ ಶ್ರೇಣಿ ಈ ಮಾತುಕತೆಗೆ ಅನುಕೂಲಕರ. ಎಲ್ಒಎ 10 ಎಂದರೆ 5 ಸೆಂಟಿಮೀಟರ್‌ಗಿಂತ ಹೆಚ್ಚಿನ ವ್ಯತ್ಯಾಸಕ್ಕೂ ಅವಕಾಶ. ಎಲ್ಒಎ 20 ಎಂದರೆ 15 ಮಿಲಿಮೀಟರ್‌ನಿಂದ 5 ಸೆಂಟಿಮೀಟರ್. ಎಲ್ಒಎ 30 ಎಂದರೆ 5ರಿಂದ 15 ಮಿಲಿಮೀಟರ್. ಎಲ್ಒಎ 40 ಎಂದರೆ 1ರಿಂದ 5 ಮಿಲಿಮೀಟರ್. ಈ ಶ್ರೇಣಿಯ ದೊಡ್ಡ ಗುಣವೆಂದರೆ ಅದು ಅಳತೆಯ ನಿಖರತೆಯನ್ನೂ ಮಾಡೆಲ್‌ನ ನಿಖರತೆಯನ್ನೂ ಬೇರೆ ಬೇರೆಯಾಗಿ ಹೇಳಲು ಬಿಡುತ್ತದೆ. ಅಳತೆ ಎಲ್ಒಎ 30ರಲ್ಲಿದ್ದು ಮಾಡೆಲ್ ಎಲ್ಒಎ 20ರಲ್ಲಿ ಇರಬಹುದು. ಹಳೆಯ ಮಣ್ಣಿನ ಮನೆಗೆ ಸಾಮಾನ್ಯವಾಗಿ ಹೊಂದುವ ಜೋಡಿ ಅದೇ.

ಇಡೀ ಮನೆಗೆ ಒಂದೇ ಮಟ್ಟ ಇಟ್ಟುಕೊಳ್ಳುವ ಅಗತ್ಯವೂ ಇಲ್ಲ. ದುರಸ್ತಿಯಾಗಬೇಕಾದ ಮಾಡಿನ ಮರಗೆಲಸಕ್ಕೆ ಬಿಗಿಯಾದ ಮಟ್ಟ, ಮುಟ್ಟದೆ ಬಿಡುವ ಕೊಟ್ಟಿಗೆಗೆ ಸಡಿಲವಾದ ಮಟ್ಟ ಎಂದು ಹಂಚಿಕೊಂಡರೆ ಮಾಡೆಲ್ ಕಟ್ಟುವವರ ಅರ್ಧ ಶ್ರಮ ಉಳಿಯುತ್ತದೆ. ಈ ಹಂಚಿಕೆಯನ್ನು ಮನೆಯವರ ಜೊತೆ ಕೂತು, ಒಂದು ಪುಟದಲ್ಲಿ ಬರೆದು ಒಪ್ಪಿಗೆ ಪಡೆಯಿರಿ. ಇಕ್ಕೇರಿಯ ಅಘೋರೇಶ್ವರ ದೇವಾಲಯದಂಥ ಸಂರಕ್ಷಿತ ಸ್ಮಾರಕವಾದರೆ ಸಂಬಂಧಪಟ್ಟ ಪುರಾತತ್ತ್ವ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಟ್ರೈಪಾಡ್ ಊರುವಂತಿಲ್ಲ ಎಂಬುದನ್ನೂ ಇಲ್ಲೇ ನೆನಪಿಡಿ.

ಹಂತ 2: ಉಪಕರಣದ ಆಯ್ಕೆ

ಟ್ರೈಪಾಡ್ ಮೇಲೆ ನಿಲ್ಲುವ ಸ್ಕ್ಯಾನರ್‌ಗಳೇ ಈ ಕೆಲಸಕ್ಕೆ ಸರಿ. ಲೈಕಾ ಬಿಎಲ್‌ಕೆ360, ಫಾರೋ ಫೋಕಸ್, ಟ್ರಿಂಬಲ್ ಎಕ್ಸ್7 ಮುಂತಾದವು ಬಾಡಿಗೆಗೂ ಸಿಗುತ್ತವೆ. ಕೈಯಲ್ಲಿ ಹಿಡಿದು ನಡೆಯುವ ಸ್ಕ್ಯಾನರ್ ಬೇಗ ಕೆಲಸ ಮುಗಿಸುತ್ತದೆ ನಿಜ, ಆದರೆ ತೊಲೆ ಎಷ್ಟು ಜಗ್ಗಿದೆ ಎಂದು ಅಳೆಯಲು ಅದನ್ನು ನೆಚ್ಚಬೇಡಿ. 2020ರಿಂದ ಐಫೋನ್ ಪ್ರೊ ಮಾದರಿಗಳಲ್ಲಿ ಬಂದಿರುವ, ಬೆಳಕಿನ ಕಿರಣದಿಂದ ದೂರ ಅಳೆಯುವ ಲೈಡಾರ್‌ನ ವ್ಯಾಪ್ತಿ ಸುಮಾರು 5 ಮೀಟರ್ ಮಾತ್ರ. ಒಂದು ದಾರಂದದ ಕೆತ್ತನೆಯನ್ನೋ ತುಳಸಿಕಟ್ಟೆಯನ್ನೋ ಹಿಡಿಯಲು ಅದು ಸಾಕು, ಇಡೀ ಮನೆಗೆ ಸಾಲದು.

ಮಾಡಿನ ಮೇಲ್ಭಾಗ ನೆಲದಿಂದ ಕಾಣುವುದಿಲ್ಲವಾದ್ದರಿಂದ ಡ್ರೋನ್‌ನಿಂದ ಫೋಟೋ ತೆಗೆದು ಫೋಟೋಗ್ರಾಮೆಟ್ರಿಯ ಮೂಲಕ ಬಿಂದುಗಳನ್ನು ಪಡೆಯುವುದು ರೂಢಿಯಲ್ಲಿದೆ. ಹಾರಿಸುವ ಮೊದಲು ಸರ್ಕಾರದ ಡ್ರೋನ್ ಜಾಲತಾಣವಾದ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ಆ ಜಾಗದ ವಲಯವನ್ನು ನೋಡಿಕೊಳ್ಳಿ. 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆಯಾದ ಮೇಲೆ ಶಿವಮೊಗ್ಗದ ಆಸುಪಾಸಿನವರು ಇದನ್ನು ಲಘುವಾಗಿ ಕಾಣುವಂತಿಲ್ಲ. ಇನ್ನೊಂದು ತೊಡಕು ನಮ್ಮ ಮರಗಳದ್ದು: ಹಲಸು, ಮಾವು ಮಾಡಿನ ಮೇಲೆ ಚಾಚಿಕೊಂಡಿದ್ದರೆ ಡ್ರೋನ್‌ಗೆ ಕಾಣುವುದು ಎಲೆಯೇ ಹೊರತು ಹೆಂಚಲ್ಲ, ಮತ್ತು ಇವು ಎಲೆ ಪೂರ್ತಿ ಉದುರಿಸಿ ನಿಲ್ಲುವ ಮರಗಳೂ ಅಲ್ಲ.

ಹಂತ 3: ಕಾಲ ಮತ್ತು ಮನೆಯ ಸಿದ್ಧತೆ

ಮಳೆಗಾಲದಲ್ಲಿ ಸ್ಕ್ಯಾನ್ ಮಾಡಬೇಡಿ. ಒದ್ದೆ ಗೋಡೆ, ಒದ್ದೆ ಹೆಂಚು ಕಿರಣವನ್ನು ಸರಿಯಾಗಿ ಹಿಂದಿರುಗಿಸುವುದಿಲ್ಲ. ವಿಶೇಷವಾಗಿ 1550 ನ್ಯಾನೋಮೀಟರ್ ತರಂಗಾಂತರದ ಸ್ಕ್ಯಾನರ್‌ಗಳ ಕಿರಣವನ್ನು ನೀರು ಬಲವಾಗಿ ಹೀರಿಕೊಳ್ಳುತ್ತದೆ. ಮಂಜಿನ ಬೆಳಗೂ ಅಷ್ಟೇ, ಗಾಳಿಯಲ್ಲೇ ಸುಳ್ಳು ಬಿಂದುಗಳು ತುಂಬಿಕೊಳ್ಳುತ್ತವೆ. ಮಳೆಗಾಲದ ಎರಚಲಿಗೆಂದು ಜಗಲಿಯ ಮುಂದೆ ಕಟ್ಟಿದ ಸೋಗೆ, ದಬ್ಬೆ ತಟ್ಟಿ ಅಥವಾ ಪ್ಲಾಸ್ಟಿಕ್ ಹಾಳೆಗಳು ಇರುವವರೆಗೂ ಮನೆಯ ಮುಖ ಕಾಣುವುದಿಲ್ಲ.

ಹಾಗೆಂದು ಮಳೆ ನಿಂತ ಕೂಡಲೇ ಹೋದರೆ ಅಡಿಕೆ ಕೊಯ್ಲು ಎದುರಾಗುತ್ತದೆ. ದೀಪಾವಳಿಯ ಆಸುಪಾಸಿನಿಂದ ಸಂಕ್ರಾಂತಿ ದಾಟುವವರೆಗೂ ಅಂಗಳದಲ್ಲಿ ಚಪ್ಪರ, ಅಟ್ಟ, ಹರಡಿದ ಅಡಿಕೆ, ಸುಲಿಯುವವರ ಓಡಾಟ. ಆ ದಿನಗಳಲ್ಲಿ ಅಂಗಳ ತೆರವು ಮಾಡಿ ಎಂದು ಯಜಮಾನರನ್ನು ಕೇಳುವುದು ಔಚಿತ್ಯವಲ್ಲ. ಕೊಯ್ಲು ಮುಗಿದು ಚಪ್ಪರ ಬಿಚ್ಚಿದ ಮೇಲೆ, ಫೆಬ್ರವರಿಯ ಕೊನೆಯಿಂದ ಮೇ ಮೊದಲ ಮಳೆಯ ತನಕ ಒಳ್ಳೆಯ ಸಮಯ.

ಹಿಂದಿನ ದಿನವೇ ಹೋಗಿ ಮನೆಯನ್ನು ನೋಡಿ, ಕೈನಕ್ಷೆಯೊಂದನ್ನು ಬರೆದು, ಸ್ಕ್ಯಾನರ್ ಎಲ್ಲೆಲ್ಲಿ ನಿಲ್ಲಬೇಕೆಂದು ಗುರುತು ಹಾಕಿಕೊಳ್ಳಿ. ಉಪ್ಪರಿಗೆ ಮತ್ತು ಅಟ್ಟದ ಬಾಗಿಲುಗಳ ಬೀಗ ತೆಗೆಸಿಡಿ. ಮನೆಯ ಮರಗೆಲಸ ಬಲ್ಲ ಊರಿನ ಆಚಾರಿಯೊಬ್ಬರನ್ನು ಜೊತೆಗೆ ಕರೆದೊಯ್ಯುವುದು ಬಹಳ ಉಪಯುಕ್ತ. ಯಾವ ತೊಲೆ ನಂತರ ಹಾಕಿದ್ದು, ಯಾವ ಗೋಡೆಯೊಳಗೆ ಮರದ ಚೌಕಟ್ಟಿದೆ ಎಂಬುದನ್ನು ಅವರು ಒಂದು ಸುತ್ತು ಹಾಕಿ ಹೇಳಿಬಿಡುತ್ತಾರೆ. ಯಾವ ಸ್ಕ್ಯಾನರ್‌ಗೂ ಅದು ಸಾಧ್ಯವಿಲ್ಲ.

ಹಂತ 4: ಸ್ಥಳದಲ್ಲಿ ಸ್ಕ್ಯಾನ್

ಬಿಂದುಗಳ ಸಾಂದ್ರತೆಯನ್ನು 10 ಮೀಟರ್ ದೂರಕ್ಕೆ 6 ಮಿಲಿಮೀಟರ್ ಎಂದಿಟ್ಟರೆ ಮನೆಯೊಳಗೆ ಬೇಕಾದಷ್ಟಾಯಿತು, ಏಕೆಂದರೆ 4 ಮೀಟರ್ ದೂರದ ಗೋಡೆಯ ಮೇಲೆ ಆ ಅಂತರ ಎರಡೂವರೆ ಮಿಲಿಮೀಟರ್‌ಗೆ ಇಳಿಯುತ್ತದೆ. ಈ ಅಂತರವನ್ನು ಅರ್ಧ ಮಾಡಿದರೆ ಬಿಂದುಗಳ ಸಂಖ್ಯೆ ನಾಲ್ಕು ಪಟ್ಟಾಗುತ್ತದೆ. ಹೆಚ್ಚಿನ ಸಾಂದ್ರತೆಗಿಂತ ಹೆಚ್ಚಿನ ನಿಲುಗಡೆಗಳು ಮೇಲು. ಕಂಬದ ಹಿಂದೆ ಮರೆಯಾದದ್ದನ್ನು ಯಾವ ಸಾಂದ್ರತೆಯೂ ತೋರಿಸುವುದಿಲ್ಲ.

ತೊಟ್ಟಿಯಿಂದ ಶುರು ಮಾಡಿ. ಒಳಜಗಲಿಯ ನಾಲ್ಕು ಮೂಲೆಗಳಲ್ಲಿ ಒಂದೊಂದು ನಿಲುಗಡೆ, ತೊಟ್ಟಿಯ ನಡುವೆ ಒಂದು. ಅಲ್ಲಿಂದ ಪ್ರತಿ ಕೋಣೆಗೆ ಹೋಗುವಾಗ ಹೊಸ್ತಿಲಿನ ಮೇಲೆ ಕಡ್ಡಾಯವಾಗಿ ಒಂದು ನಿಲುಗಡೆ ಇರಲಿ. ಎರಡು ಪಕ್ಕದ ಸ್ಕ್ಯಾನ್‌ಗಳ ನಡುವೆ ಕನಿಷ್ಠ ಶೇ. 30ರಷ್ಟು ಸಮಾನ ಭಾಗ ಇರಬೇಕೆಂಬುದು ಸಾಮಾನ್ಯ ನಿಯಮ. ನಮ್ಮ ಮನೆಗಳ ತಗ್ಗು ಬಾಗಿಲು, ದಪ್ಪ ಗೋಡೆಗಳಲ್ಲಿ ಹೊಸ್ತಿಲ ನಿಲುಗಡೆ ಇಲ್ಲದೆ ಅಷ್ಟು ಸಿಗುವುದಿಲ್ಲ. ಮನೆಯ ಹೊರಗೆ ಸುತ್ತು ಬರುವಾಗ ಹೊರಟ ಜಾಗಕ್ಕೇ ಬಂದು ಮುಗಿಸಿ, ಸರಪಳಿ ಮುಚ್ಚಿಕೊಳ್ಳಲಿ. ಉದ್ದನೆಯ ಕೊಟ್ಟಿಗೆಯಂತೆ ಒಂದೇ ದಿಕ್ಕಿಗೆ ಹೋಗಿ ನಿಂತುಬಿಡುವ ಭಾಗಗಳಲ್ಲಿ ತಪ್ಪು ಸ್ವಲ್ಪ ಸ್ವಲ್ಪವೇ ಕೂಡುತ್ತ ಹೋಗುತ್ತದೆ. ಅಂಥಲ್ಲಿ ಕೋನ, ದೂರ ಎರಡನ್ನೂ ಅಳೆಯುವ ಸರ್ವೆ ಉಪಕರಣವಾದ ಟೋಟಲ್ ಸ್ಟೇಷನ್‌ನಿಂದ ಎರಡು ಮೂರು ಗುರಿಗಳ (ಸ್ಕ್ಯಾನ್‌ಗಳನ್ನು ಜೋಡಿಸಲು ಇಡುವ ಗುರುತುಗಳ) ಸ್ಥಾನವನ್ನು ಬೇರೆಯಾಗಿ ಅಳೆದಿಡಿ.

ಚೌಕುಳಿಯ ಗುರಿ ಹಾಳೆಗಳನ್ನು ಹಳೆಯ ಮಣ್ಣಿನ ಗಿಲಾವಿಗೆ ಅಂಟಿಸಬೇಡಿ, ಕೀಳುವಾಗ ಗಿಲಾವೂ ಬರುತ್ತದೆ. ಅವನ್ನು ಸಣ್ಣ ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಮತ್ತು ಒಂದೇ ಎತ್ತರದಲ್ಲಿ ಒಂದೇ ಸಾಲಿನಲ್ಲಿ ಇಡಬೇಡಿ.

ಮಲೆನಾಡಿನ ಮನೆಯಲ್ಲಿ ಮೂರು ಜಾಗಗಳು ಸ್ಕ್ಯಾನರ್‌ಗೆ ತೊಂದರೆ ಕೊಡುತ್ತವೆ. ಮೊದಲನೆಯದು, ಒಲೆಯ ಹೊಗೆ ಹಿಡಿದು ಕಪ್ಪಾದ ಅಡುಗೆಮನೆಯ ಅಟ್ಟ: ಮಸಿ ಕಿರಣವನ್ನು ನುಂಗುವುದರಿಂದ ದೂರದ ಬಿಂದುಗಳು ಒರಟಾಗುತ್ತವೆ, ಸ್ಕ್ಯಾನರ್ ಅನ್ನು ಅಟ್ಟದ ಮೇಲೇ ಏರಿಸಿ, ಹತ್ತಿರದಿಂದ ಹೆಚ್ಚು ನಿಲುಗಡೆಗಳಲ್ಲಿ ತೆಗೆಯಬೇಕು, ಆದರೆ ಹಲಗೆ ಭಾರ ತಾಳುತ್ತದೆಯೇ ಎಂದು ಆಚಾರಿಯನ್ನು ಕೇಳಿದ ನಂತರ. ಎರಡನೆಯದು, ತಿಕ್ಕಿ ತಿಕ್ಕಿ ಹೊಳಪು ಬಂದ ಕಾವಿಯ ನೆಲ: ಕಿರಣ ಕನ್ನಡಿಯಲ್ಲಿ ಬಿದ್ದಂತೆ ಜಾರಿ, ನೆಲದ ಕೆಳಗೆ ಇನ್ನೊಂದು ತಲೆಕೆಳಗಾದ ಕೋಣೆಯೇ ಮೂಡುತ್ತದೆ. ತೊಟ್ಟಿಯಲ್ಲಿ ನೀರು ನಿಂತಿದ್ದರೂ ಹೀಗೇ. ಮೂರನೆಯದು ಗಾಜಿನ ಹೆಂಚು, ಕಿಟಕಿಯ ಗಾಜು; ತೆರೆಯಬಹುದಾದ ಕಿಟಕಿಗಳನ್ನೆಲ್ಲ ತೆರೆದೇ ಸ್ಕ್ಯಾನ್ ಮಾಡುವುದು ಒಳ್ಳೆಯದು, ಒಳ ಹೊರಗಿನ ಜೋಡಣೆಗೂ ಅದರಿಂದ ಅನುಕೂಲ.

ಸ್ಥಳ ಬಿಡುವ ಮುನ್ನ ನಾಲ್ಕೈದು ಉದ್ದದ ಅಳತೆಗಳನ್ನು ಕೈಯಿಂದ ತೆಗೆದು ಬರೆದುಕೊಳ್ಳಿ: ತೊಟ್ಟಿಯ ಎರಡೂ ಕರ್ಣಗಳು, ಹೊರಗೋಡೆಯ ಪೂರ್ತಿ ಉದ್ದ, ಮುಖ್ಯ ಬಾಗಿಲಿನ ಬಳಿ ಗೋಡೆಯ ದಪ್ಪ, ಉಪ್ಪರಿಗೆಯ ನೆಲದಿಂದ ಜಗಲಿಯ ನೆಲದವರೆಗಿನ ಎತ್ತರ.

ಹಂತ 5: ಸ್ಕ್ಯಾನ್‌ಗಳ ಜೋಡಣೆ

ಬೇರೆ ಬೇರೆ ನಿಲುಗಡೆಗಳ ಬಿಂದುಗಳನ್ನು ಒಂದೇ ಮೂಲಬಿಂದುವಿಗೆ ತರುವುದನ್ನು ರಿಜಿಸ್ಟ್ರೇಷನ್ ಎನ್ನುತ್ತಾರೆ. ಗುರಿಗಳ ಮೂಲಕ ಜೋಡಿಸಬಹುದು, ಅಥವಾ 1992ರಲ್ಲಿ ಬೆಸ್ಲ್ ಮತ್ತು ಮೆಕೇ ಪ್ರಕಟಿಸಿದ ಐಸಿಪಿ ವಿಧಾನದಂತೆ ಎರಡು ಕ್ಲೌಡ್‌ಗಳ ಹತ್ತಿರದ ಬಿಂದುಗಳನ್ನು ಮತ್ತೆ ಮತ್ತೆ ಹೊಂದಿಸುತ್ತ ಜೋಡಿಸಬಹುದು. ರೀಕ್ಯಾಪ್ ಪ್ರೊ, ಸೈಕ್ಲೋನ್ ರಿಜಿಸ್ಟರ್ 360, ಫಾರೋ ಸೀನ್ ತಂತ್ರಾಂಶಗಳೆಲ್ಲ ಇದನ್ನು ಮಾಡುತ್ತವೆ. ಹಣ ಕೊಡದೆ ಸಿಗುವ ಕ್ಲೌಡ್‌ಕಂಪೇರ್‌ನಲ್ಲೂ ಸಾಧ್ಯ, ಕೈಕೆಲಸ ಹೆಚ್ಚು.

ತೊಟ್ಟಿ ಮನೆಗೇ ವಿಶೇಷವಾದ ಅಪಾಯವೊಂದಿದೆ. ನಾಲ್ಕೂ ಕಡೆ ಒಂದೇ ಅಂತರದಲ್ಲಿ ಒಂದೇ ಬಗೆಯ ಕಂಬಗಳಿರುವ ಚೌಕಾಕಾರದ ತೊಟ್ಟಿಯಲ್ಲಿ, ಒಂದು ಸ್ಕ್ಯಾನ್ 90 ಡಿಗ್ರಿ ತಿರುಗಿದರೂ ಅಥವಾ ಒಂದು ಕಂಬದಷ್ಟು ಸರಿದರೂ ತಂತ್ರಾಂಶಕ್ಕೆ ಸರಿಯೆಂದೇ ತೋರಬಹುದು, ವರದಿಯಲ್ಲಿ ಸರಾಸರಿ ದೋಷವೂ ಕೆಲವೇ ಮಿಲಿಮೀಟರ್ ಎಂದು ಬರಬಹುದು. ಆದ್ದರಿಂದ ವರದಿಯ ಸಂಖ್ಯೆಯನ್ನಷ್ಟೇ ನೋಡಿ ಮುಂದೆ ಹೋಗಬೇಡಿ. ತುಳಸಿಕಟ್ಟೆ, ತೊಟ್ಟಿಯ ನೀರು ಹೋಗುವ ಬಾಯಿ, ಉಪ್ಪರಿಗೆಯ ಏಣಿ, ಹೀಗೆ ಒಂದೇ ಕಡೆ ಇರುವ ವಸ್ತುಗಳು ಎಲ್ಲ ಸ್ಕ್ಯಾನ್‌ಗಳಲ್ಲೂ ಒಂದೇ ಜಾಗಕ್ಕೆ ಬಿದ್ದಿವೆಯೇ ಎಂದು ಕಣ್ಣಾರೆ ನೋಡಿ.

ನಂತರ ಅಡ್ಡ ಸೀಳಿ ನೋಡಬೇಕು. 20 ಮಿಲಿಮೀಟರ್ ದಪ್ಪದ ಒಂದು ಪದರವನ್ನು ಗೋಡೆಗೆ ಅಡ್ಡಲಾಗಿ ಕತ್ತರಿಸಿದರೆ, ಸರಿಯಾಗಿ ಜೋಡಣೆಯಾದ ಗೋಡೆ ಒಂದೇ ಗೆರೆಯಾಗಿ ಕಾಣುತ್ತದೆ. ಎರಡು ಸಮಾನಾಂತರ ಗೆರೆಗಳು ಕಂಡರೆ ಎಲ್ಲೋ ಜಾರಿದೆ. ಗೋಡೆಯ ದಪ್ಪದಲ್ಲಿ ಇದು ಇನ್ನೂ ಸೂಕ್ಷ್ಮ. ಒಳಗಿನ ಸ್ಕ್ಯಾನ್ ಮತ್ತು ಹೊರಗಿನ ಸ್ಕ್ಯಾನ್ ನಡುವಿನ ತಪ್ಪು ನೇರವಾಗಿ ಗೋಡೆಯ ದಪ್ಪಕ್ಕೆ ಸೇರಿಕೊಳ್ಳುತ್ತದೆ, ಮತ್ತು ಮಣ್ಣಿನ ಗೋಡೆ ನಿಜವಾಗಿಯೂ ಏರುಪೇರಾಗಿರುವುದರಿಂದ ತಪ್ಪು ಯಾವುದು, ನಿಜ ಯಾವುದು ಎಂದು ತಿಳಿಯುವುದಿಲ್ಲ. ಬಾಗಿಲಿನ ಬಳಿ ಟೇಪಿನಿಂದ ತೆಗೆದ ದಪ್ಪದ ಅಳತೆ ಕೆಲಸಕ್ಕೆ ಬರುವುದು ಈಗ.

ಹಂತ 6: ಶುಚಿಗೊಳಿಸುವುದು ಮತ್ತು ಮೂಲಬಿಂದು

ನೆಲದ ಕೆಳಗಿನ ಪ್ರತಿಬಿಂಬ, ಓಡಾಡಿದ ಜನ, ದನ, ಒಣಹಾಕಿದ ಬಟ್ಟೆ, ಅಂಚುಗಳಲ್ಲಿ ಗಾಳಿಯಲ್ಲಿ ತೇಲುವ ಬಿಂದುಗಳು, ಇವನ್ನು ಕೈಯಿಂದಲೇ ಕತ್ತರಿಸಿ ತೆಗೆಯುವುದು ಉತ್ತಮ. ಬಿಡಿ ಬಿಂದುಗಳನ್ನು ತಾನಾಗಿ ಅಳಿಸುವ ಎಸ್ಒಆರ್ ಫಿಲ್ಟರ್ ಅನ್ನು ಮಿತವಾಗಿ ಬಳಸಿ. ಕೆತ್ತನೆಯ ತೆಳು ಅಂಚುಗಳನ್ನೂ ಅದು ನುಂಗಬಲ್ಲದು. ಮಾಡೆಲಿಂಗ್‌ಗೆ 5 ಮಿಲಿಮೀಟರ್ ಅಂತರಕ್ಕೆ ಇಳಿಸಿದ ಪ್ರತಿಯೊಂದನ್ನು ಮಾಡಿಕೊಂಡು, ಮೂಲ ಕ್ಲೌಡ್ ಅನ್ನು ಇ57 ರೂಪದಲ್ಲಿ ಮುಟ್ಟದೆ ಎತ್ತಿಡಿ. ಇ57 ಯಾವ ಒಂದು ಕಂಪನಿಯದ್ದೂ ಅಲ್ಲದ ಎಎಸ್‌ಟಿಎಂ ಮಾನಕ. ಮುಂದೆ ಯಾವ ತಂತ್ರಾಂಶ ಬಂದರೂ ತೆರೆಯುವ ಸಂಭವ ಅದಕ್ಕೇ ಹೆಚ್ಚು.

ಮೂಲಬಿಂದುವಿನ ವಿಷಯದಲ್ಲಿ ಎಚ್ಚರ ಬೇಕು. ಡ್ರೋನ್ ಕ್ಲೌಡ್ ಸಾಮಾನ್ಯವಾಗಿ, ಭೂಮಿಯನ್ನು ವಲಯಗಳಾಗಿ ಹಂಚಿ ಸ್ಥಾನವನ್ನು ಮೀಟರ್‌ನಲ್ಲಿ ಹೇಳುವ ಯುಟಿಎಂ ನಿರ್ದೇಶಾಂಕಗಳಲ್ಲಿ ಬರುತ್ತದೆ. ಶಿವಮೊಗ್ಗ ಜಿಲ್ಲೆ 43ನೇ ಉತ್ತರ ವಲಯದಲ್ಲಿದ್ದು, ಇಲ್ಲಿ ಉತ್ತರ ದಿಕ್ಕಿನ ಸಂಖ್ಯೆ 15 ಲಕ್ಷ ಮೀಟರ್ ಆಸುಪಾಸಿನಲ್ಲಿರುತ್ತದೆ. ಅಷ್ಟು ದೊಡ್ಡ ಸಂಖ್ಯೆಯನ್ನು ಕಂಪ್ಯೂಟರ್ 32 ಬಿಟ್‌ನ ದಶಮಾಂಶ ಸಂಖ್ಯೆಯಾಗಿ ಇಟ್ಟರೆ ಎರಡು ಪಕ್ಕದ ಬೆಲೆಗಳ ಅಂತರವೇ ಹನ್ನೆರಡೂವರೆ ಸೆಂಟಿಮೀಟರ್; ಅಂದರೆ ಇಡೀ ಕ್ಲೌಡ್ ಮೆಟ್ಟಿಲು ಮೆಟ್ಟಿಲಾಗಿ ಒಡೆದುಹೋಗುತ್ತದೆ. ಕ್ಲೌಡ್‌ಕಂಪೇರ್ ತೆರೆಯುವಾಗಲೇ ಗ್ಲೋಬಲ್ ಶಿಫ್ಟ್ (ಇಡೀ ಕ್ಲೌಡ್ ಅನ್ನು ಶೂನ್ಯದ ಹತ್ತಿರಕ್ಕೆ ಸರಿಸುವುದು) ಕೇಳುವುದು ಇದಕ್ಕಾಗಿ. ಆ ಸರಿತದ ಸಂಖ್ಯೆಗಳನ್ನು ಬರೆದಿಟ್ಟುಕೊಂಡು, ತೊಟ್ಟಿಯ ಒಂದು ಮೂಲೆಯನ್ನು ಶೂನ್ಯವೆಂದು ಇಟ್ಟು, ಮನೆಯ ಮುಖ್ಯ ಗೋಡೆಯನ್ನು ಪರದೆಯ ಅಡ್ಡಗೆರೆಗೆ ಸಮನಾಗಿ ತಿರುಗಿಸಿಕೊಂಡರೆ ಮಾಡೆಲ್ ಕಟ್ಟಲು ಸುಲಭ. ಲಂಬ ದಿಕ್ಕನ್ನು ಮಾತ್ರ ಎಂದಿಗೂ ಗೋಡೆಗೆ ಹೊಂದಿಸಬೇಡಿ. ಗೋಡೆ ವಾಲಿರುತ್ತದೆ, ಸ್ಕ್ಯಾನರ್‌ನ ಮಟ್ಟ ಸರಿಯಿರುತ್ತದೆ.

ಹಂತ 7: ಮಾಡೆಲ್ ಕಟ್ಟುವುದು

ರೆವಿಟ್, ಆರ್ಕಿಕ್ಯಾಡ್ ಎರಡೂ ಬಿಮ್ ತಂತ್ರಾಂಶಗಳು. ರೆವಿಟ್‌ಗೆ ಕ್ಲೌಡ್ ಅನ್ನು ರೀಕ್ಯಾಪ್‌ನ ಆರ್‌ಸಿಪಿ ಅಥವಾ ಆರ್‌ಸಿಎಸ್ ರೂಪದಲ್ಲಿ ಕೊಡಬೇಕು. ಆರ್ಕಿಕ್ಯಾಡ್ ಇ57 ಅನ್ನು ನೇರವಾಗಿ ತೆಗೆದುಕೊಳ್ಳುತ್ತದೆ. ಒಳಗೆ ತಂದ ಕೂಡಲೇ ಕ್ಲೌಡ್ ಅಲುಗದಂತೆ ಪಿನ್ ಮಾಡಿಬಿಡಿ.

ಎತ್ತರಗಳನ್ನು ಅಳೆಯಲು ಆಧಾರವಾಗುವ ಲೆವೆಲ್‌ಗಳನ್ನು ಕಡಿಮೆ ಇಡಿ. ಜಗಲಿ, ನಡುಮನೆ, ಅಡುಗೆಮನೆ, ಬಚ್ಚಲು ಒಂದೊಂದೂ ಒಂದೊಂದು ಮಟ್ಟದಲ್ಲಿರುವ ಮನೆಯಲ್ಲಿ ಪ್ರತಿಯೊಂದಕ್ಕೂ ಲೆವೆಲ್ ಹಾಕುತ್ತ ಹೋದರೆ ನಕ್ಷೆ ಓದಲಾಗದು. ನಡುಮನೆಯ ನೆಲ, ಉಪ್ಪರಿಗೆಯ ನೆಲ, ಗೋಡೆಯ ತಲೆ, ಈ ಮೂರು ಸಾಕು. ಉಳಿದವನ್ನು ಅವುಗಳಿಂದ ಇಷ್ಟು ಮೇಲೆ, ಇಷ್ಟು ಕೆಳಗೆ ಎಂದು ಕೊಡಿ.

ಗೋಡೆಗಳಿಗೆ ನೆಲದಿಂದ 300, 1200 ಮತ್ತು 2100 ಮಿಲಿಮೀಟರ್ ಎತ್ತರದಲ್ಲಿ ಮೂರು ಅಡ್ಡ ಸೀಳುಗಳನ್ನು ತೆಗೆಯಿರಿ. ಮೂರೂ ಸೀಳುಗಳು ಒಪ್ಪಿದ ಮಿತಿಯೊಳಗೆ ಒಂದರ ಮೇಲೊಂದು ಕೂತರೆ ನೇರ ಗೋಡೆ ಹಾಕಿ. ಕೂರದಿದ್ದರೆ ವಾಲಿದ ಅಥವಾ ಮೇಲೆ ತೆಳುವಾಗುವ ಗೋಡೆ ಬೇಕು. ವಾಲಿದ ಗೋಡೆ ರೆವಿಟ್ 2021ರಿಂದ, ತೆಳುವಾಗುವ ಗೋಡೆ 2022ರಿಂದ ಲಭ್ಯ. ಮೂಲೆಗಳನ್ನು 90 ಡಿಗ್ರಿಗೆ ಎಳೆಯುವ ಚಪಲವನ್ನು ಬಿಡಿ. 1.3 ಡಿಗ್ರಿ ಚಿಕ್ಕದೆನಿಸುತ್ತದೆ, ಆದರೆ 12 ಮೀಟರ್ ಉದ್ದದ ಗೋಡೆಯ ತುದಿಯಲ್ಲಿ ಅದು 27 ಸೆಂಟಿಮೀಟರ್ ಆಗುತ್ತದೆ, ಕೊನೆಯ ಕೋಣೆಯ ಬಾಗಿಲು ಗೋಡೆಯೊಳಗೆ ಹೂತುಹೋಗುತ್ತದೆ.

ಕಂಬಗಳನ್ನು ಸ್ವಲ್ಪ ನಿಧಾನವಾಗಿ ನೋಡೋಣ. ಒಳಜಗಲಿಯ ಒಂದು ಕಂಬವನ್ನು ತೆಗೆದುಕೊಂಡು, 300 ಮತ್ತು 2100 ಮಿಲಿಮೀಟರ್ ಎತ್ತರದಲ್ಲಿ ಸೀಳಿ, ಎರಡೂ ಸೀಳುಗಳ ನಡುಬಿಂದು ಗುರುತಿಸಿ. ಅವುಗಳ ನಡುವೆ 22 ಮಿಲಿಮೀಟರ್ ಅಂತರ ಬಂದರೆ, 1.8 ಮೀಟರ್ ಎತ್ತರಕ್ಕೆ ಸುಮಾರು 0.7 ಡಿಗ್ರಿ ವಾಲಿದೆ ಎಂದಾಯಿತು. ಯಾವ ದಿಕ್ಕಿಗೆ ಎಂಬುದು ಇನ್ನೂ ಮುಖ್ಯ. ಎಲ್ಲ ಕಂಬಗಳ ಬಾಣದ ಗುರುತುಗಳನ್ನು ಒಂದೇ ನಕ್ಷೆಯ ಮೇಲೆ ಹಾಕಿದಾಗ ಎಲ್ಲವೂ ತೊಟ್ಟಿಯ ಕಡೆಗೇ ಮುಖ ಮಾಡಿದ್ದರೆ ಮಾಡಿನ ಭಾರ ಒಳಗೆ ತಳ್ಳುತ್ತಿದೆ ಎಂಬ ಅನುಮಾನ ಬರಬೇಕು. ಒಂದು ಮಾತ್ರ ಬೇರೆಡೆಗೆ ತಿರುಗಿದ್ದರೆ ಅದರ ಕಾಲಡಿಯ ಕಲ್ಲನ್ನು ನೋಡಬೇಕು. ಮಾಡೆಲ್‌ನಲ್ಲಿ ಕಲ್ಲಿನ ಪೀಠ, ಕಂಬ, ಬೋದಿಗೆ ಮೂರಕ್ಕೂ ಅಳತೆ ಬದಲಿಸಬಹುದಾದ ಒಂದೇ ಫ್ಯಾಮಿಲಿ (ಮತ್ತೆ ಮತ್ತೆ ಬಳಸುವ ಅಂಗದ ಅಚ್ಚು) ಮಾಡಿಕೊಂಡು, ವಾಲಿಕೆಯ ಕೋನ ಮತ್ತು ದಿಕ್ಕನ್ನು ಅದರ ಗುಣಗಳಾಗಿ ಸೇರಿಸಿ. ಕೆತ್ತನೆಯನ್ನು ಬಿಮ್‌ನಲ್ಲಿ ಕಟ್ಟಲು ಹೋಗಬೇಡಿ. ಒಂದು ಕಂಬವನ್ನು ಹತ್ತಿರದಿಂದ ಮೆಶ್ ಆಗಿ, ಅಂದರೆ ಸಣ್ಣ ತ್ರಿಕೋನಗಳ ಜಾಲವಾಗಿ, ತೆಗೆದು ಕೊಂಡಿ ಹಾಕಿದರೆ ಸಾಕು.

ಮಾಡಿಗೆ ಹೊರಗಿನ ಕ್ಲೌಡ್‌ನಿಂದ ಹೆಂಚಿನ ಮೇಲ್ಮೈ, ಅಟ್ಟದೊಳಗಿನ ಕ್ಲೌಡ್‌ನಿಂದ ಪಕಾಸುಗಳ ಕೆಳಮೈ ಸಿಗುತ್ತದೆ. ನಡುವಿನದ್ದು ರೀಪು ಮತ್ತು ಹೆಂಚಿನ ದಪ್ಪ. ಇಳಿಜಾರನ್ನು ಅಡ್ಡ ಸೀಳಿನಲ್ಲಿ ಅಳೆಯಿರಿ: 3 ಮೀಟರಿಗೆ 1.8 ಮೀಟರ್ ಏರಿದರೆ ಸುಮಾರು 31 ಡಿಗ್ರಿ. ಮಂಗಳೂರು ಹೆಂಚು ಅಚ್ಚಿನಲ್ಲಿ ಒತ್ತಿದ್ದಾದ್ದರಿಂದ ರೀಪುಗಳ ಅಂತರವನ್ನು ಹೆಂಚೇ ನಿರ್ಧರಿಸುತ್ತದೆ. ಫೋಟೋದಲ್ಲಿ ಹೆಂಚಿನ ಸಾಲುಗಳನ್ನು ಎಣಿಸಿ ಆ ಅಂತರದಿಂದ ಗುಣಿಸಿದರೆ ಇಳಿಜಾರಿನ ಉದ್ದ ಸ್ಕ್ಯಾನ್‌ಗೆ ತಾಳೆಯಾಗಬೇಕು. ಒಂದೊಂದು ಹೆಂಚನ್ನೂ ಮಾಡೆಲ್ ಮಾಡುವುದು ಕಂಪ್ಯೂಟರ್‌ಗೆ ಹೊರೆ, ಯಾರಿಗೂ ಲಾಭವಿಲ್ಲ. ಆದರೆ ತೊಟ್ಟಿಯ ನಾಲ್ಕು ಒಳಮೂಲೆಗಳಲ್ಲಿ ಎರಡು ಮಾಡುಗಳು ಕೂಡಿ ನೀರು ಹರಿಯುವ ಗೆರೆಯನ್ನು ಬಹಳ ಜಾಗರೂಕತೆಯಿಂದ ಕಟ್ಟಿ. ಸೋರಿಕೆ, ಮರ ಕೊಳೆಯುವುದು ಸಾಮಾನ್ಯವಾಗಿ ಅಲ್ಲಿಂದಲೇ ಶುರುವಾಗುತ್ತದೆ.

ಜಗ್ಗಿದ ಮೇಲ್ತೊಲೆಯನ್ನು ಹೇಗೆ ಕಟ್ಟಬೇಕೆಂಬುದಕ್ಕೆ ಒಂದೇ ಉತ್ತರವಿಲ್ಲ. ಅದನ್ನು ಬದಲಿಸುವುದೇ ನಿಶ್ಚಯವಾಗಿದ್ದರೆ ನೇರವಾಗಿ ಕಟ್ಟಿ, ಜಗ್ಗನ್ನು ಬೇರೆ ಚಿತ್ರದಲ್ಲಿ ತೋರಿಸಿ. ಉಳಿಸಿಕೊಳ್ಳಬಹುದೇ ಎಂದು ಎಂಜಿನಿಯರ್ ಲೆಕ್ಕ ಹಾಕಬೇಕಿದ್ದರೆ ಜಗ್ಗಿದಂತೆಯೇ ಕಟ್ಟಬೇಕು.

ಸ್ಕ್ಯಾನರ್‌ಗೆ ಕಾಣದ್ದೂ ಮಾಡೆಲ್‌ನಲ್ಲಿ ಬರುತ್ತದೆ: ಅಡಿಪಾಯ, ಮುಚ್ಚಿಗೆಯ ಮೇಲಿನ ಮಣ್ಣಿನ ದಪ್ಪ, ಗೋಡೆಯೊಳಗಿನ ಮರ, ಗಿಲಾವಿನ ಹಿಂದೆ ಇರುವುದು ಜಂಬಿಟ್ಟಿಗೆಯೋ ಮಣ್ಣೋ ಎಂಬುದು. ಹಾಗಾಗಿ ಪ್ರತಿ ಅಂಗಕ್ಕೂ ‘ಆಧಾರ’ ಎಂಬ ಒಂದು ಕಾಲಂ ಸೇರಿಸಿ, ಅದರಲ್ಲಿ ಸ್ಕ್ಯಾನ್, ಟೇಪು, ಆಚಾರಿಯ ಮಾತು, ಊಹೆ ಎಂದು ಯಾವುದಾದರೊಂದನ್ನು ತುಂಬಿ. ಪರದೆಯ ಮೇಲೆ ಎಲ್ಲವೂ ಒಂದೇ ರೀತಿ ಗಟ್ಟಿಯಾಗಿ ಕಾಣುವುದರಿಂದ, ಈ ಕಾಲಂ ಇಲ್ಲದ ಮಾಡೆಲ್ ಅನ್ನು ನಂಬಿ ಗೋಡೆ ಒಡೆಯಲು ಹೊರಡುವುದು ಅಪಾಯಕಾರಿ.

ಹಂತ 8: ತಾಳೆ ನೋಡುವುದು ಮತ್ತು ಒಪ್ಪಿಸುವುದು

ಕಟ್ಟಿದ ಮಾಡೆಲ್ ಅನ್ನು ಮೆಶ್ ಆಗಿ ಹೊರತೆಗೆದು, ಕ್ಲೌಡ್‌ಕಂಪೇರ್‌ನಲ್ಲಿ ಮೂಲ ಕ್ಲೌಡ್ ಜೊತೆಗಿಟ್ಟು, ಬಿಂದುಗಳಿಂದ ಮೆಶ್‌ಗೆ ಇರುವ ದೂರವನ್ನು ಲೆಕ್ಕ ಹಾಕಿ ಬಣ್ಣದಲ್ಲಿ ತೋರಿಸಬಹುದು. ಒಪ್ಪಿದ ಮಿತಿ 25 ಮಿಲಿಮೀಟರ್ ಆಗಿದ್ದರೆ ಬಣ್ಣದ ಪಟ್ಟಿಯನ್ನೂ ಅಷ್ಟಕ್ಕೇ ಇಡಿ. ಮಿತಿ ಮೀರಿದ ಜಾಗಗಳನ್ನು ಒಂದೊಂದಾಗಿ ನೋಡಿ, ಅದು ಮಾಡೆಲ್‌ನ ತಪ್ಪೋ, ತೆಗೆಯದೆ ಬಿಟ್ಟ ಸಾಮಾನೋ, ಬೇಕೆಂದೇ ನೇರ ಮಾಡಿದ್ದೋ ಎಂದು ಬರೆಯಿರಿ. ಕೈಯಿಂದ ತೆಗೆದ ಉದ್ದದ ಅಳತೆಗಳನ್ನೂ ಮಾಡೆಲ್ ಮೇಲೆ ಮತ್ತೆ ಅಳೆದು ಪಕ್ಕದಲ್ಲಿ ದಾಖಲಿಸಿ.

ಮನೆಯವರಿಗೆ ಮಾಡೆಲ್ ಮತ್ತು ನಕ್ಷೆಗಳ ಜೊತೆಗೆ ಮೂಲ ಇ57, ಜೋಡಣೆಯ ವರದಿ, ಸರಿತದ ಸಂಖ್ಯೆಗಳು, ಮೊದಲ ದಿನ ಒಪ್ಪಿದ ನಿಖರತೆಯ ಪುಟ, ಇಷ್ಟನ್ನೂ ಎರಡು ಬೇರೆ ಬೇರೆ ಹಾರ್ಡ್ ಡಿಸ್ಕ್‌ಗಳಲ್ಲಿ ಕೊಡಿ; ಹಳ್ಳಿಯ ನೆಟ್‌ವರ್ಕ್‌ನಲ್ಲಿ ಹತ್ತಾರು ಜಿಬಿ ಇಳಿಸಿಕೊಳ್ಳಿ ಎಂದು ಲಿಂಕ್ ಕಳಿಸಿ ಕೈತೊಳೆದುಕೊಳ್ಳುವುದು ಸರಿಯಲ್ಲ. ಕಂಬಗಳ ವಾಲಿಕೆ ಮುಂದುವರಿಯುತ್ತಿದೆಯೇ ಎಂಬ ಅನುಮಾನವಿದ್ದಲ್ಲಿ, ಕಲ್ಲಿನ ಮೆಟ್ಟಿಲು, ಬಾವಿಕಟ್ಟೆಯಂಥ ಅಲುಗದ ಮೂರು ನಾಲ್ಕು ಜಾಗಗಳನ್ನು ಶಾಶ್ವತ ಗುರುತುಗಳಾಗಿ ನಮೂದಿಸಿಟ್ಟರೆ, ಒಂದು ಮಳೆಗಾಲ ಕಳೆದ ಮೇಲೆ ತೊಟ್ಟಿಯ ಭಾಗವನ್ನಷ್ಟೇ ಮತ್ತೆ ಸ್ಕ್ಯಾನ್ ಮಾಡಿ ಹಳೆಯ ಕ್ಲೌಡ್ ಮೇಲೆ ಹೊಂದಿಸಿ ನೋಡಬಹುದು.